ಹಾಬೆಲ್ ಕಂಡ ಹಸಿರು ಕೆರೆ

ವಾಯ್‌ರುತು ದ್ವೀಪದವರು ತಮ್ಮ ಬೆಂಕಿಬೆಟ್ಟವನ್ನು ಬೆಟ್ಟ ಅನ್ನುವುದಿಲ್ಲ, ಅಜ್ಜ ಅನ್ನುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದವರು ಮೊದಲು ಕತ್ತೆತ್ತಿ ನೋಡುವುದು ಅಜ್ಜನ ತಲೆಯ ಕಡೆಗೆ. ಹೊಗೆ ತೆಳ್ಳಗಿದ್ದರೆ "ಅಜ್ಜ ಸಿಗರೇಟು ಹಚ್ಚಿದಾನೆ" ಅಂತಲೂ, ದಪ್ಪಗಿದ್ದರೆ "ಅಜ್ಜಂಗೆ ಯಾಕೋ ರಾತ್ರಿ ಊಟ ಸೇರಿಲ್ಲ" ಅಂತಲೂ ಹೇಳಿಕೊಂಡು ಒಲೆ ಹಚ್ಚುತ್ತಾರೆ. ಇಡೀ ಊರು ಪುಕ್ಕಟೆ ಮಾಡುವ ಈ ಕೆಲಸವನ್ನು ಸರಕಾರದ ಸಂಬಳಕ್ಕೆ ಮಾಡುವವನು ಒಬ್ಬನೇ, ಹಾಬೆಲ್.

ಊರಿನ ಮೇಲಿನ ದಿಬ್ಬದಲ್ಲಿ ಎರಡು ಕೋಣೆಯ ಕಚೇರಿ. ಅದರಲ್ಲಿ ನೆಲದ ನಡುಕವನ್ನು ಗೀಚುವ ಸೂಜಿಯಂತ್ರ, ಒಂದು ದುರ್ಬೀನು, ರಟ್ಟು ಕಿತ್ತುಹೋದ ರಿಜಿಸ್ಟರುಗಳು. ದಿನಕ್ಕೆ ಮೂರು ಸಲ ಹೊಗೆ ನೋಡಿ ಬರೆಯಬೇಕು, ಸಂಜೆ ಅದನ್ನು ರೇಡಿಯೊದಲ್ಲಿ ಪಟ್ಟಣದ ಕಚೇರಿಗೆ ಓದಿ ಹೇಳಬೇಕು. 'ಹೊಗೆ ಬಿಳಿ, ತೆಳು, ಐವತ್ತು ಮೀಟರು. ನಡುಕ ಎರಡು. ಶಾಂತ.' ಇಪ್ಪತ್ತಾರು ವರ್ಷದಿಂದ ಹೆಚ್ಚುಕಡಿಮೆ ಇದೇ ಸಾಲು. ಜ್ವರ ಬಂದರೂ, ಮಗಳ ಮದುವೆಯಿದ್ದರೂ ಹಾಬೆಲ್ ಒಂದು ದಿನ ತಪ್ಪಿಸಿದವನಲ್ಲ. ಒಂದಕ್ಷರ ಸುಳ್ಳು ಬರೆದವನಲ್ಲ.

ಬರೆದಿರಲಿಲ್ಲ. ಹೇಳಿದ್ದ. ಒಂದೇ ಒಂದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೂವತ್ತೊಂದರ ವಯಸ್ಸಿನ ಬಿಸಿಯಲ್ಲಿ, ಕುಳಿಯನ್ನು ಕಣ್ಣಾರೆ ನೋಡಿ ಬರೋಣ ಅಂತ ಒಬ್ಬನೇ ಹೊರಟಿದ್ದ. ಮೂರನೆಯ ತಿರುವಿನವರೆಗೆ ಚೆನ್ನಾಗಿಯೇ ಹೋದ. ಅಲ್ಲಿಗೆ ಕಾಡು ಮುಗಿದು ಬರೀ ಬೂದಿಯ ಇಳಿಜಾರು. ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರುತ್ತದೆ. ಆಗ ಬೆಟ್ಟದ ಹೊಟ್ಟೆಯಿಂದ ಗುಂಯ್ ಅಂತ ಒಂದು ಸದ್ದು ಬಂತು. ಹಾಬೆಲ್ ತಿರುಗಿ ಇಳಿದುಬಿಟ್ಟ. ಊರ ಬಾವಿಯ ಹತ್ತಿರ ಯಾರೋ "ಕುಳಿ ನೋಡಿದ್ಯಾ?" ಅಂದರು. "ನೋಡ್ದೆ" ಅಂದ. "ಏನಿತ್ತು?" ಅಂದರು. ತರಬೇತಿಯ ಕೋಣೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಬೇರೆ ಯಾವುದೋ ಬೆಟ್ಟದ ಚಿತ್ರ ಇತ್ತಲ್ಲ, ಅದು ನಾಲಗೆಯ ತುದಿಗೆ ಬಂದುಬಿಟ್ಟಿತು. "ಕೆರೆ. ಹಸಿರು ಕೆರೆ."

ಅಷ್ಟೇ. ಬಾವಿಯಿಂದ ಹೊರಟ ಕೆರೆ ಸಂಜೆಯೊಳಗೆ ಊರು ಮುಟ್ಟಿತು. ಮೇಷ್ಟ್ರು ಎಲಿಯೇಜರ್ ಅದರ ಚಿತ್ರವನ್ನು ಶಾಲೆಯ ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಬರೆಸಿದರು. ವರ್ಷಕ್ಕೊಂದು ಸಲ ಹಾಬೆಲ್‌ನನ್ನು ಕರೆಸಿ ಮಕ್ಕಳಿಗೆ ಕೆರೆಯ ವಿಷಯ ಹೇಳಿಸುವುದು ಪದ್ಧತಿಯಾಯಿತು. ಒಂದೇ ಮಾತು ಎಷ್ಟು ವರ್ಷ ಹೇಳುವುದು, ಮಕ್ಕಳಿಗೂ ಬೇಜಾರಲ್ಲವೇ? ಹೀಗಾಗಿ ಕೆರೆಗೆ ಒಂದು ವರ್ಷ ಮಂಜು ಕವಿಯಿತು, ಇನ್ನೊಂದು ವರ್ಷ ಬಿಳಿ ಹಕ್ಕಿಯೊಂದು ಬಂದು ಇಳಿಯಿತು.

ಊರಿನ ಗಂಡಸರಿಗೆ ಸಮುದ್ರ ಆಯಿತು, ಜಾಯಿಕಾಯಿ ತೋಟ ಆಯಿತು. ತುದಿಗೆ ಹೋಗುವ ಹುಚ್ಚು ಯಾರಿಗೂ ಇರಲಿಲ್ಲ. ಹೋಗುತ್ತಿದ್ದವಳು ಓರ್ಪಾ ಒಬ್ಬಳೇ. ಅವಳಿಗೆ ಅರವತ್ತಮೂರು. ಬೆಟ್ಟದ ಬೆಚ್ಚನೆಯ ಬೂದಿಯಲ್ಲಿ ಮೊಮೊವಾ ಹಕ್ಕಿ ಮೊಟ್ಟೆ ಹೂತಿಟ್ಟು ಹೋಗುತ್ತದೆ, ಅದನ್ನು ಅಗೆದು ತರುವುದು ಅವಳ ಕಸುಬು. ಕಜ್ಜಿಗೆ ಹಚ್ಚಲು ಗಂಧಕ ಬೇಕಾದಾಗ ಕುಳಿಯ ಅಂಚಿನವರೆಗೂ ಹೋಗಿ ಬರುತ್ತಿದ್ದಳು. ಕೆರೆಯ ವಿಷಯದಲ್ಲಿ ಅವಳು ಊರಿನೆದುರು ಒಂದು ಮಾತೂ ಆಡಿದವಳಲ್ಲ. ದಾರಿಯಲ್ಲಿ ಹಾಬೆಲ್ ಒಬ್ಬನೇ ಸಿಕ್ಕಿದರೆ ಮಾತ್ರ, "ಏನಪ್ಪಾ, ಈ ಸಲ ಕೆರೇಲಿ ಮೀನು ಹೇಗಿದೆ?" ಅಂತ ಕೇಳಿ ಮುಂದೆ ಹೋಗುತ್ತಿದ್ದಳು.

ಆ ವರ್ಷ ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಊರಿನ ಯಜಮಾನರು ಇಗರ್ಜಿಯ ಅಂಗಳದಲ್ಲಿ ಒಂದು ಕಾಗದ ಬಿಚ್ಚಿದರು. ಅವರನ್ನು ಎಲ್ಲರೂ ಬಾಪಾ ರಾಜಾ ಅನ್ನುತ್ತಾರೆ. ರಾಜ್ಯವೇನೂ ಇಲ್ಲ, ಬಿರುದು ಮಾತ್ರ ಇದೆ. ಎರಡು ವರ್ಷದಿಂದ ಅವರು ಯಾರಿಗೂ ಹೇಳದೆ ಹಡಗು ಕಂಪನಿಯೊಂದಕ್ಕೆ ಪತ್ರ ಬರೆಯುತ್ತಿದ್ದರಂತೆ.

"ಅಕ್ಟೋಬರ್ ಹದಿನಾಲ್ಕಕ್ಕೆ ಪ್ರವಾಸಿ ಹಡಗು ಬರತ್ತೆ!" ಅಂತ ಘೋಷಿಸಿದರು. "ದೂರದೂರದ ದ್ವೀಪಗಳನ್ನೇ ಹುಡ್ಕೊಂಡು ಹೋಗೋ ಹಡಗು. ತೊಂಬತ್ತು ಜನ. ಅದ್ರಲ್ಲಿ ಹದ್ನಾಲ್ಕು ಜನ ಅಜ್ಜನ ತಲೆವರೆಗೂ ಹತ್ತಿ, ಜಗತ್ತಿನಲ್ಲಿ ಇನ್ನೂ ಯಾರೂ ಫೋಟೊ ತೆಗೀದೆ ಇರೋ ಹಸಿರು ಕೆರೆ ನೋಡ್ತಾರೆ. ಕರ್ಕೊಂಡು ಹೋಗೋರು, ನಮ್ಮ ಹಾಬೆಲ್!"

ಜನ ಚಪ್ಪಾಳೆ ತಟ್ಟಿದರು. ಹಾಬೆಲ್ ಎದ್ದು ನಿಂತ. ಮತ್ತೆ ಕೂತ. ಕೂತದ್ದು ಪಕ್ಕದವರ ಟೋಪಿಯ ಮೇಲೆ ಅಂತ ಅವನಿಗೆ ಆಮೇಲೆ ಗೊತ್ತಾಯಿತು.

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಹೆಂಡತಿ ದೊಲ್ಫೀನಾ ಮೀನಿನ ಸಾರಿನ ಬಟ್ಟಲನ್ನು ಅವನ ಮುಂದೆ ತಳ್ಳಿ, "ಉಣ್ಣು. ಉಣ್ಣದೆ ಇದ್ರೆ ಕೆರೆ ಹುಟ್ಟತ್ತಾ?" ಅಂದಳು.

ಹಾಬೆಲ್‌ನ ಕೈಯಲ್ಲಿದ್ದ ಸಾಗೋ ಮರದ ಹಿಟ್ಟಿನ ರೊಟ್ಟಿ ಹಾಗೇ ನಿಂತಿತು. "ನಿಂಗೆ ಯಾರು ಹೇಳಿದ್ರು? ಓರ್ಪಾನಾ?"

"ಓರ್ಪಾ ಯಾಕೆ ಹೇಳ್ಬೇಕು? ಬೆಟ್ಟ ಹತ್ತಿ ಬಂದಾಗೆಲ್ಲ ಅವಳ ಲುಂಗಿ-ಕುಪ್ಪಸ ಗಂಧಕ ಹತ್ತಿ ಕೊಳೆತ ಮೊಟ್ಟೆ ನಾತ ಹೊಡೆಯತ್ತೆ, ಪಕ್ಕದ ಕಲ್ಲಲ್ಲಿ ನಾನು ಬಟ್ಟೆ ಒಗೆಯೋಕಾಗಲ್ಲ. ಅವತ್ತು ನಿನ್ನ ಅಂಗಿ ಒಗೆದಿದ್ದೂ ನಾನೇ. ಬರೀ ಬೆವರು. ಅದಕ್ಕೂ ಸೂಜಿಯಂತ್ರ ಬೇಕಾ?"

"ಮತ್ತೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ?"

"ನೀನು ಚೆನ್ನಾಗಿ ಹೇಳ್ತಿದ್ದೆ," ಅಂದಳು ದೊಲ್ಫೀನಾ. "ಆ ಬಿಳಿ ಹಕ್ಕಿ ನಂಗೂ ಇಷ್ಟ ಆಗಿತ್ತು. ಈಗ ಉಂಡು ಹೋಗಿ ಓರ್ಪಾನ ಕಾಲು ಹಿಡಿ."

ಓರ್ಪಾ ಅಂಗಳದಲ್ಲಿ ಕೂತು ಬುಟ್ಟಿಯ ಹಗ್ಗ ಹೊಸೆಯುತ್ತಿದ್ದಳು. ದ್ವೀಪದಲ್ಲಿ ಅಕ್ಕನಿಗೆ ಉಸಿ ಅನ್ನುತ್ತಾರೆ. ಹಾಬೆಲ್ ಎರಡು ಸಲ "ಉಸಿ" ಅಂತ ಕರೆದು, ಎರಡು ಸಲವೂ ಸುಮ್ಮನಾದ.

"ಮೂರನೇ ಸಲ ಕರೆದ್ರೆ ಮಾತು ಬರತ್ತೆ, ಕರಿ," ಅಂದಳು ಓರ್ಪಾ.

"ಉಸಿ, ನೀನೂ ನಮ್ಜೊತೆ ಬಾ. ನಾನು ಮುಂದೆ ಇರ್ತೀನಿ, ನೀನು ಹಿಂದಿನಿಂದ ದಾರಿ ಹೇಳು."

"ಮುಂದೆ ಇರೋನಿಗೆ ಹಿಂದಿನಿಂದ ದಾರಿ ಹೇಳೋದಾ? ಹದ್ನಾಲ್ಕು ಜನಾನ ಕುಳಿಗೆ ತುಂಬಿ ಬರ್ತೀವಿ ನಾವಿಬ್ರೂ." ಹಗ್ಗವನ್ನು ಹಲ್ಲಿನಿಂದ ಜಗ್ಗಿ ಗಂಟು ಬಿಗಿದಳು. "ಮತ್ತೆ ಮೇಲೆ ಹೋದ ಮೇಲೆ? ಕೆರೆ ಎಲ್ಲಿಂದ ತರ್ತೀಯಾ?"

"ಒಣಗಿಹೋಯ್ತು ಅಂದ್ರೆ?"

"ಅನ್ನು. ಆಮೇಲೆ ಯಾವ ವರ್ಷ ಒಣಗ್ತು ಅಂತ ಕೇಳ್ತಾರೆ. ರಿಜಿಸ್ಟರ್‌ನಲ್ಲಿ ಬರೀಬೇಕಾಗತ್ತೆ. ಬರೀತೀಯಾ?"

ರಿಜಿಸ್ಟರಿನಲ್ಲಿ ಸುಳ್ಳು ಬರೆಯುವುದೆಂದರೆ ಹಾಬೆಲ್‌ಗೆ ಕುಳಿಗೆ ಬೀಳುವುದಕ್ಕಿಂತ ಕಷ್ಟ. ಅದು ಓರ್ಪಾಗೂ ಗೊತ್ತಿತ್ತು. "ಬರ್ತೀನಿ ಹೋಗು," ಅಂದಳು ಕೊನೆಗೆ. "ಆದ್ರೆ ಮುಂದೆ ನಾನಿರ್ತೀನಿ."

ಹದಿನಾಲ್ಕನೆಯ ತಾರೀಕು ಬೆಳಕು ಹರಿಯುವ ಹೊತ್ತಿಗೆ ಹಡಗು ಬಂದು ನಿಂತಿತ್ತು. ಬಿಳಿ ಹಡಗು, ಇಗರ್ಜಿಗಿಂತ ನಾಲ್ಕು ಪಾಲು ಎತ್ತರ. ಅದರ ಪಕ್ಕೆಯಿಂದ ಕರಿ ರಬ್ಬರ್ ದೋಣಿಗಳು ಒಂದೊಂದಾಗಿ ಇಳಿದು ಬಂದವು. ಕೆಂಪು ಜಾಕೀಟು ತೊಟ್ಟ ಮುದುಕ ಮುದುಕಿಯರು ಅಲೆ ನೋಡಿ ಕಾಲಿಡಿ, ಕೈ ಹಿಡಿದು ಇಳಿಯಿರಿ ಅಂತ ಹೇಳಿಸಿಕೊಳ್ಳುತ್ತ ಕರಿ ಮರಳಿನ ಮೇಲೆ ಇಳಿದರು. ಬಂದವರು ಮೊದಲು ಮಾಡಿದ ಕೆಲಸ, ಬೇರೆ ದ್ವೀಪದ ಮಣ್ಣು ಇಲ್ಲಿಗೆ ಬರಬಾರದು ಅಂತ, ತಮ್ಮ ಬೂಟುಗಳನ್ನು ಹಡಗಿನವರು ತಂದಿಟ್ಟ ತೊಟ್ಟಿಯಲ್ಲಿ ಅದ್ದಿ ಬ್ರಷ್ಷಿನಿಂದ ಉಜ್ಜಿಕೊಂಡದ್ದು. "ನಮ್ಮೂರು ಅಷ್ಟೊಂದು ಚೊಕ್ಕಟಾನಾ?" ಅಂತ ದೊಲ್ಫೀನಾ ಬೆರಗಾದಳು. ಟಿಫಾ ಡೋಲುಗಳು ಬಡಿದುಕೊಂಡವು. ಬಾಪಾ ರಾಜಾ ತಮ್ಮ ತಾತನ ಕಾಲದ ಕೋಟು ತೊಟ್ಟು, ಬೆವರಿನಲ್ಲಿ ತೊಯ್ದು, ಪ್ರತಿಯೊಬ್ಬರ ಕೈಯನ್ನೂ ಎರಡೆರಡು ಸಲ ಕುಲುಕಿದರು. ದಡದಲ್ಲಿ ಹೊಸ ಹಲಗೆ: 'ಹಸಿರು ಕೆರೆಯ ದ್ವೀಪಕ್ಕೆ ಸ್ವಾಗತ'. ಅಕ್ಷರಗಳನ್ನು ಕೆತ್ತಲು ಬಡಗಿಗೆ ಎಂಟು ದಿನ ಹಿಡಿದಿತ್ತು.

ಹತ್ತುವ ಹದಿನಾಲ್ಕು ಮಂದಿಯೂ, ಮಾತು ತಿಳಿಸಲು ಎಲಿಯೇಜರ್ ಮೇಷ್ಟ್ರೂ ಹಾಬೆಲ್‌ನ ಕಚೇರಿಯವರೆಗೆ ಬಂದರು. ಅವರ ಜೊತೆಗೆ, ಹತ್ತದಿದ್ದರೂ ಕೋಲೂರಿಕೊಂಡು ಬಂದವರು ಒಬ್ಬ ಬಿಳಿಗೂದಲಿನ ಹೆಂಗಸು. ಹಡಗಿನಲ್ಲಿ ಬೆಂಕಿಬೆಟ್ಟಗಳ ಬಗ್ಗೆ ಪಾಠ ಹೇಳುವವರಂತೆ, ಡಾಕ್ಟರ್ ರಾಗ್ನಾ. ವಯಸ್ಸು ಎಪ್ಪತ್ತು ದಾಟಿತ್ತು. ಯಾವುದೋ ಕಾಲದಲ್ಲಿ ಜಾವಾದಲ್ಲಿದ್ದು ಪುಸ್ತಕ ಓದಿ ಈ ದೇಶದ ಭಾಷೆ ಕಲಿತಿದ್ದರು. ಹಾಬೆಲ್‌ನ ಎದುರು ನಿಂತು ಕೈ ಚಾಚಿದರು.

"ತಾವೇ ಹಾಬೆಲ್ ಮಹಾಶಯರೋ? ತಮ್ಮನ್ನು ಕಾಣುವ ಸಲುವಾಗಿಯೇ ನಾನು ಈ ಹಡಗನ್ನು ಏರಿದೆನು."

ಎಳನೀರು ತಂದಿದ್ದ ದೊಲ್ಫೀನಾ ಓರ್ಪಾಳ ಕಿವಿಯಲ್ಲಿ, "ಇದೇನು, ಬೈಬಲ್ ಓದ್ದಂಗೆ ಮಾತಾಡ್ತಾರೆ!" ಅಂದಳು.

ಉಳಿದವರು ಸೂಜಿಯಂತ್ರದ ಫೋಟೊ ತೆಗೆಯುತ್ತಿರುವಾಗ ರಾಗ್ನಾ ಹಾಬೆಲ್‌ನನ್ನು ಒಳಗಿನ ಕೋಣೆಗೆ ಕರೆದರು. ರಿಜಿಸ್ಟರಿನ ಬೆನ್ನು ಸವರಿದರು. "ತಮ್ಮ ವರದಿಗಳೆಲ್ಲವನ್ನೂ ನಾನು ಓದಿರುವೆನು. ಒಂಬತ್ತು ಸಾವಿರಕ್ಕೂ ಹೆಚ್ಚು ದಿನಗಳು. ಅವುಗಳಲ್ಲಿ ಕೆರೆಯೆಂಬ ಪದವೇ ಇಲ್ಲ. ಹಡಗಿನವರು ಕೊಟ್ಟ ಕಾಗದದಲ್ಲಿ ಮಾತ್ರ ಕೆರೆಯಿದೆ. ಎರಡರಲ್ಲಿ ಯಾವುದನ್ನು ನಂಬಲಿ?"

ಹಾಬೆಲ್ ಬಾಗಿಲ ಕಡೆ ನೋಡಿದ. ಕೆಂಪು ಜಾಕೀಟುಗಳು ನಗುತ್ತಿದ್ದವು.

"ರಿಜಿಸ್ಟರ್ ನಂಬಿ, ಡಾಕ್ಟ್ರೇ," ಅಂದ. ಆಮೇಲೆ ಉಳಿದದ್ದೂ ತಾನಾಗಿಯೇ ಹೊರಗೆ ಬಂತು: ಮೂರನೆಯ ತಿರುವು, ಗುಂಯ್ ಸದ್ದು, ಬಾವಿಯ ಕಟ್ಟೆ, ಕ್ಯಾಲೆಂಡರು. ಹೇಳಿ ಮುಗಿಸಿ, ಅವರು ಬೈಯುತ್ತಾರೆ ಅಂತ ನಿಂತ.

ರಾಗ್ನಾ ಬೈಯಲಿಲ್ಲ. ನಗಲೂ ಇಲ್ಲ. ಸೂಜಿಯ ಮುಂದೆ ಹಾಬೆಲ್‌ನ ಕುರ್ಚಿ ಎಳೆದುಕೊಂಡು ಕೂತು ಕೆಟ್ಟ ಮೊಣಕಾಲನ್ನು ಚಾಚಿಕೊಂಡರು. "ಈ ಕಾಲಿನಿಂದ ನಾನು ಆ ಕುಳಿಯನ್ನು ಎಂದಿಗೂ ಕಾಣಲಾರೆ. ತಾವು ಹೋಗಿರಿ. ಕಂಡದ್ದನ್ನು ಬಂದು ನನಗೆ ಹೇಳಿರಿ. ಅಲ್ಲಿಯವರೆಗೆ ಸೂಜಿಯನ್ನು ನಾನು ಕಾಯುವೆನು."

"ಸೂಜಿ ಜೋರಾಗಿ ಆಡಿದ್ರೆ?"

"ತಕ್ಷಣ ತಮ್ಮ ಕೈರೇಡಿಯೊಗೆ ಕೂಗುವೆನು. ಆಗ ತಾವು ಓಡಿರಿ."

ಮೂರನೆಯ ತಿರುವಿನವರೆಗೆ ಎರಡು ಗಂಟೆ ಹಿಡಿಯಿತು. ಓರ್ಪಾ ಹವಾಯಿ ಚಪ್ಪಲಿಯಲ್ಲಿ ಮುಂದೆ, ಬೂಟುಗಳೆಲ್ಲ ಹಿಂದೆ. ಕಾಡು ಮುಗಿದಲ್ಲಿ ಹಾಬೆಲ್ ನಿಂತುಬಿಟ್ಟ. ಇಳಿಜಾರು ಹಾಗೆಯೇ ಇತ್ತು, ಬೂದು ಬಣ್ಣದ್ದು, ಕಡಿದಾದದ್ದು. ಗುಂಯ್ ಅನ್ನುವ ಸದ್ದೂ ಅಲ್ಲೇ ಕಾದು ಕೂತಿತ್ತು. ಹದಿನಾಲ್ಕು ಜನ ಅವನನ್ನು ದಾಟಿ ಹೋದರು. ಎರಡು ಕೋಲು ಹಿಡಿದ ಉದ್ದನೆಯ ಮುದುಕರೊಬ್ಬರು ಅವನ ಭುಜ ತಟ್ಟಿ ಏನೋ ಅಂದರು. ಹಿರಿಯ ವೀಕ್ಷಕ ಎಲ್ಲರ ಸುರಕ್ಷತೆಗೆ ಹಿಂದೆ ನಿಂತಿದ್ದಾನೆ ಅಂತ ಅವರು ಅಂದುಕೊಂಡಿರಬೇಕು.

ಓರ್ಪಾ ಸರಸರನೆ ಇಳಿದು ಬಂದಳು.

"ಆ ಸದ್ದು ಕೇಳ್ತಿದೆಯಾ ಉಸಿ?" ಅಂದ ಹಾಬೆಲ್.

"ಯಾವ್ದು? ಅದಾ? ಗಾಳಿ ಕಣೋ. ಮೇಲೆ ಬಂಡೆ ಸಂದಿ ಇದೆ, ಅದ್ರಲ್ಲಿ ನುಗ್ಗತ್ತೆ."

"ಗಾಳಿ?"

"ಗಾಳಿ. ಖಾಲಿ ಬಾಟ್ಲಿ ಬಾಯಿಗೆ ಊದಿದ್ರೆ ಹೇಗೆ ಕೂಗತ್ತೆ, ಹಾಗೆ." ಅವನ ಮುಖ ನೋಡಿ ಅವಳಿಗೆ ಎಲ್ಲ ಅರ್ಥವಾಗಿರಬೇಕು. ತಮಾಷೆ ಮಾಡುವ ಒಳ್ಳೆಯ ಅವಕಾಶ, ಆದರೆ ಮಾಡಲಿಲ್ಲ. ಬುಟ್ಟಿಯ ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟಳು. "ಮೇಲೆ ನೋಡ್ಬೇಡ, ಕೆಳಗೂ ನೋಡ್ಬೇಡ. ನನ್ನ ಹಿಮ್ಮಡಿ ನೋಡ್ಕೊಂಡು ಬಾ."

ಸ್ವಲ್ಪ ದೂರ ಹೋದ ಮೇಲೆ ಹಾಬೆಲ್, "ಹಿಮ್ಮಡಿ ಒಡೆದು ಹೋಗಿದೆ ಉಸಿ," ಅಂದ.

"ಎಣಿಸು ಎಷ್ಟು ಬಿರುಕಿದೆ ಅಂತ. ಎಣಿಸೋದೇ ಅಲ್ವಾ ನಿನ್ನ ಕೆಲ್ಸ?"

ಅವನು ನಿಜವಾಗಿಯೂ ಎಣಿಸಿದ. ಎಡಗಾಲಿನಲ್ಲಿ ಏಳು, ಬಲಗಾಲಿನಲ್ಲಿ ಒಂಬತ್ತು. ಲೆಕ್ಕ ಮತ್ತೊಮ್ಮೆ ಸರಿ ನೋಡುವಷ್ಟರಲ್ಲಿ ಓರ್ಪಾ ನಿಂತಳು, ಮುಂದೆ ಏರಲು ಏನೂ ಉಳಿದಿರಲಿಲ್ಲ.

ಕುಳಿ ಕಾಲ ಕೆಳಗಿತ್ತು. ಫುಟ್ಬಾಲ್ ಆಡುವ ಎರಡು ಬಯಲು ಹಿಡಿಸುವಷ್ಟು ಅಗಲ. ಬೂದು ಗೋಡೆಗಳು, ತಳದಲ್ಲಿ ಒಣ ಕಲ್ಲು. ಸಂದುಗಳಿಂದ ಉಗಿ, ಕುದಿಯುವ ಅನ್ನದ ಮಡಕೆಯ ಮುಚ್ಚಳ ಎತ್ತಿದ ಹಾಗೆ ಬುಸ್ಸೆನ್ನುತ್ತಿತ್ತು. ಪಡುವಣದ ಗೋಡೆಗೆ ಗಂಧಕ ಮೆತ್ತಿಕೊಂಡು ಹಳದಿಯಾಗಿತ್ತು. ಒಂದು ಬೊಗಸೆ ನೀರಿರಲಿಲ್ಲ.

ಪ್ರವಾಸಿಗಳು ಇನ್ನೂ ಕ್ಯಾಮೆರಾ ಬಿಚ್ಚುತ್ತಿದ್ದರು. ಮೊದಲು ಬಾಯಿ ಬಿಟ್ಟವರು ಎಲಿಯೇಜರ್ ಮೇಷ್ಟ್ರು. ಇಡೀ ಊರಿನಲ್ಲಿ ಬಾಪಾ ರಾಜಾ ಮತ್ತು ಶಾಲೆಯ ಮಕ್ಕಳನ್ನು ಬಿಟ್ಟರೆ ಕೆರೆಯನ್ನು ಮನಸಾರೆ ನಂಬಿದ್ದವರು ಅವರೊಬ್ಬರೇ.

"ಕೆರೆ ಎಲ್ಲಿ ಹಾಬೆಲ್?"

ಎಲ್ಲರೂ ತಿರುಗಿ ನೋಡಿದರು. ಭಾಷೆ ತಿಳಿಯದಿದ್ದರೂ ಅವರ ದನಿ ಎಲ್ಲರಿಗೂ ತಿಳಿದಿತ್ತು.

"ಇಲ್ಲ ಮೇಷ್ಟ್ರೇ," ಅಂದ ಹಾಬೆಲ್. ಹಗ್ಗ ಇನ್ನೂ ಕೈಯಲ್ಲೇ ಇತ್ತು. "ಯಾವತ್ತೂ ಇರ್ಲಿಲ್ಲ. ನಾನು ಮೇಲೆ ಬಂದಿರೋದೇ ಇವತ್ತು. ಮೊದಲ್ನೇ ಸಲ."

ಮೇಷ್ಟ್ರು ಕುಳಿಯನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದರು. "ಇದನ್ನ ಇಂಗ್ಲಿಷಲ್ಲಿ ಹೇಳ್ಲಾ?" ಅಂದರು.

"ಹೇಳಿ."

ಹೇಳಿದರು. ಹಾಬೆಲ್ ಆಡಿದ್ದು ನಾಲ್ಕು ಮಾತು. ಇಂಗ್ಲಿಷಿನಲ್ಲಿ ಅದು ಮೂರ್ನಾಲ್ಕು ನಿಮಿಷ ನಡೆಯಿತು, ಕೈಸನ್ನೆ ಸಮೇತ. ತಮ್ಮದೂ ಒಂದಿಷ್ಟು ಸೇರಿಸಿದ್ದರು ಅಂತ ಕಾಣುತ್ತದೆ. ಆಮೇಲೆ ಎರಡು ಕೋಲಿನ ಮುದುಕರು ಹೋ ಅಂತ ನಕ್ಕು, ಕುಳಿಗೆ ಬೆನ್ನು ಹಾಕಿ, ಹಾಬೆಲ್‌ನ ಫೋಟೊ ತೆಗೆದರು. ಹದಿಮೂರು ಜನ ಅವರನ್ನು ಹಿಂಬಾಲಿಸಿದರು. ಸಾವಿರಾರು ಮೈಲಿ ದೂರದಿಂದ ಬಂದವರು, ಅಜ್ಜನನ್ನು ಬಿಟ್ಟು, ಬೂದಿ ಬಡಿದ ಮುಖದ ಒಬ್ಬ ಸರಕಾರಿ ನೌಕರನ ಫೋಟೊ ತೆಗೆದುಕೊಂಡರು. ಅವನಿಗೆ ನಾಚಿಕೆಯಾಗಿ ಕುಳಿಯ ಕಡೆ ತಿರುಗಿದ. ತಿರುಗಿದ ಮೇಲೆ ನೋಡಲೇಬೇಕಾಯಿತು. ನೋಡುತ್ತ ನೋಡುತ್ತ ಉಗಿಯ ಬಾಯಿಗಳನ್ನು ಎಣಿಸತೊಡಗಿದ.

ಇಳಿಯುವಾಗ ಓರ್ಪಾ ಒಂದು ಕಡೆ ಬೂದಿಯಲ್ಲಿ ಮೊಳಕೈವರೆಗೆ ತೋಳು ತೂರಿಸಿ ದೊಡ್ಡದೊಂದು ಮೊಟ್ಟೆ ತೆಗೆದಳು. ಬೆಚ್ಚಗಿತ್ತು. ಪ್ರವಾಸಿಗಳು ಅದನ್ನು ಕೈಯಿಂದ ಕೈಗೆ ಕೂಸಿನ ಹಾಗೆ ದಾಟಿಸಿದರು. ಮೇಷ್ಟ್ರು ಮಾತ್ರ ಯಾರ ಜೊತೆಗೂ ಮಾತಾಡದೆ ನಡೆದರು. ಎರಡನೆಯ ತಿರುವಿನಲ್ಲಿ ತಡೆಯಲಾರದೆ, "ಹಸಿರು ಬಣ್ಣದ ಡಬ್ಬ ಪ್ರತಿ ವರ್ಷ ಪಟ್ಟಣದಿಂದ ತರಿಸ್ತಿದ್ದೆ," ಅಂದರು. "ಬೂದು ಅಂತ ಹೇಳಿದ್ರೆ ಒಲೆ ಬೂದೀಲೇ ಬಳಿಸ್ತಿದ್ನಲ್ಲೋ!"

ಕಚೇರಿಯಲ್ಲಿ ರಾಗ್ನಾ ಕದಲದೆ ಕೂತಿದ್ದರು. "ಉಗಿಯ ಬಾಯಿಗಳು ಎಷ್ಟು?" ಅಂದರು, ನೀರು ಕುಡಿಯಲೂ ಬಿಡದೆ.

"ಹನ್ನೊಂದು. ಎರಡು ಸಲ ಎಣಿಸ್ದೆ."

"ಗಂಧಕವು ಯಾವ ಗೋಡೆಯಲ್ಲಿ?"

"ಪಡುವಣ. ಮೇಲೆ ತಿಳಿ ಹಳದಿ, ಕೆಳಗೆ ಗಾಢ."

ಕೇಳುತ್ತ ಹೋದರು, ಹೇಳುತ್ತ ಹೋದ. ಅವರ ಪುಟ್ಟ ಪುಸ್ತಕದ ಆರು ಹಾಳೆ ತುಂಬಿತು. ಕೊನೆಗೆ ಪೆನ್ಸಿಲು ಇಟ್ಟು, "ಭಯವಾಯಿತೇ?" ಅಂದರು.

"ಆಯ್ತು. ಈಗ್ಲೂ ಆಗ್ತಿದೆ. ಕೆಳಗೆ ಬಾಪಾ ರಾಜಾ ಇದಾರೆ."

ಮೊದಲ ಬಾರಿಗೆ ರಾಗ್ನಾ ಹಲ್ಲು ಕಾಣುವಂತೆ ನಕ್ಕರು. "ಅದನ್ನು ನಾನು ಅಳೆಯಲಾರೆ, ಮಹಾಶಯರೇ."

ಸುದ್ದಿ ಅವನಿಗಿಂತ ಮೊದಲೇ ದಡಕ್ಕೆ ತಲುಪಿತ್ತು. ಬಾಪಾ ರಾಜಾ ಹಲಗೆಯ ಮುಂದೆ, ಅಕ್ಷರಗಳು ಕಾಣದಂತೆ, ಕೋಟು ಅಗಲಿಸಿ ನಿಂತಿದ್ದರು.

"ಎಂಟು ದಿನ ಕೆತ್ಸಿದೀನಿ!" ಅಂತ ಹಲ್ಲು ಕಚ್ಚಿ ಹೇಳಿದರು. "ಕಂಪನಿಗೆ ಐದು ಪತ್ರ ಬರ್ದಿದೀನಿ! ಊರಿನ ಮಾನ ತೆಗೆದ್ಯಲ್ಲ ಹಾಬೆಲ್!"

"ತಪ್ಪಾಯ್ತು ಬಾಪಾ ರಾಜಾ."

ಅವರು ಇನ್ನೂ ಹೇಳುವವರಿದ್ದರು. ಅಷ್ಟರಲ್ಲಿ ಹಡಗಿನ ಮುಖಂಡ ಬಂದು ಅವರ ಕೈ ಹಿಡಿದು ಕುಲುಕಿದ. ಇಂಥ ದಿನವನ್ನು ಈ ಪ್ರಯಾಣದಲ್ಲೇ ಕಂಡಿಲ್ಲ, ಮೊಟ್ಟೆ ಅಗೆಯುವ ಅಮ್ಮ ಒಪ್ಪಿದರೆ ಬರುವ ವರ್ಷ ಎರಡು ದಿನ ನಿಲ್ಲುತ್ತೇವೆ ಅಂದ. ಮೇಷ್ಟ್ರು ಒಲ್ಲದ ಮನಸ್ಸಿನಿಂದಲೇ ತಿಳಿಸಿದರು. ಬಾಪಾ ರಾಜಾ ಮುಖದ ಸಿಟ್ಟನ್ನು ಎಲ್ಲಿಡುವುದು ತಿಳಿಯದೆ ಓರ್ಪಾಳ ಕಡೆ ತಿರುಗಿದರು. "ಒಪ್ಪಿದಾಳೆ ಅನ್ನಿ ಮೇಷ್ಟ್ರೇ!"

"ನನ್ನನ್ನ ಯಾರು ಕೇಳಿದ್ರು?" ಅಂದಳು ಓರ್ಪಾ. "ಒಂದು ದಿನಕ್ಕೆ ಆರು ಜನ. ಅದಕ್ಕಿಂತ ಜಾಸ್ತಿ ಆದ್ರೆ ಹಕ್ಕಿಗಳು ಬೇರೆ ದ್ವೀಪ ನೋಡ್ಕೊಳ್ತವೆ. ಮತ್ತೆ ಬುಟ್ಟಿ ನಾನು ಹೊರಲ್ಲ, ನೀವು ಹೊರ್ಬೇಕು."

ನೀವು ಅಂದರೆ ಯಾರು ಅಂತ ಬಾಪಾ ರಾಜಾ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು.

ರಾಗ್ನಾ ಕೊನೆಯ ದೋಣಿಯಲ್ಲಿ ಹೊರಟರು. ಇಬ್ಬರು ನಾವಿಕರು ಎತ್ತಿ ಕೂರಿಸಿದಾಗ, "ಮಹಾಶಯರೇ, ಪ್ರತಿ ತಿಂಗಳೂ ಎಣಿಸಿರಿ!" ಅಂತ ಕೂಗಿದರು. ಹಾಬೆಲ್ ಕೈ ಬೀಸಿದ. ಪ್ರತಿ ತಿಂಗಳು ಅನ್ನುವ ಮಾತು ತಲೆಗೆ ಇಳಿದಾಗ ದೋಣಿ ಅರ್ಧ ದೂರ ಹೋಗಿತ್ತು.

ಮರುದಿನ ಅವನಿಗೆ ಹಾಸಿಗೆಯಿಂದ ಕಾಲು ಇಳಿಸಲಾಗಲಿಲ್ಲ. ತೊಡೆ, ಮೀನಖಂಡ ಎಲ್ಲ ಮರದ ಕೊರಡು. ಹೊಗೆ ನೋಡಿ ಬರೆಯುವುದಕ್ಕೂ ದೊಲ್ಫೀನಾ ದಿಬ್ಬದವರೆಗೆ ತೋಳು ಕೊಟ್ಟು ಕರೆದೊಯ್ಯಬೇಕಾಯಿತು. ಲವಂಗದೆಣ್ಣೆ ತಿಕ್ಕುತ್ತ, "ಊರಿಗೆ ಸುಳ್ಳು ಹೇಳಿದ ಕಾಲು ಇದೇನಾ, ಇದಾ?" ಅಂತ ಒಂದೊಂದನ್ನೂ ಹಿಂಡಿದಳು.

ನಾಲ್ಕು ದಿನ ಕಾಯಿಲೆಯವರನ್ನು ನೋಡುವ ಹಾಗೆ ಜನ ಬಂದರು. ಜಾಯಿಕಾಯಿ ಸಿಪ್ಪೆಯ ಮಿಠಾಯಿ ತಂದರು, ಬಾಳೆಹಣ್ಣು ತಂದರು. ಛೇಡಿಸುವುದಕ್ಕೆ ಬಂದವರೂ ಇದ್ದರು. "ಈಜು ಹೊಡೆದು ಸುಸ್ತಾಯ್ತಾ ಹಾಬೆಲಣ್ಣ?" ಅನ್ನುವುದು, ಕೂರುವುದು, ಕೂತವರು ಮಾತ್ರ ಏಳುತ್ತಿರಲಿಲ್ಲ. ನಿಜವಾಗಿ ಮೇಲೆ ಏನಿದೆ ಅಂತ ಕೇಳುತ್ತಿದ್ದರು. ಅವನು ಹೇಳುತ್ತಿದ್ದ. ಕೆರೆಯನ್ನು ಹೇಳಲು ಹತ್ತು ನಿಮಿಷ ಸಾಕಿತ್ತು, ಕಲ್ಲು ಮತ್ತು ಉಗಿಯನ್ನು ಹೇಳಿ ಮುಗಿಸಲು ಮಧ್ಯಾಹ್ನವೇ ಬೇಕಾಗುತ್ತಿತ್ತು.

ನಾಲ್ಕನೆಯ ದಿನ ಬಾಪಾ ರಾಜಾ ತಾವು ಬರದೆ ತಮ್ಮ ತಾಯಿಯನ್ನು ಕಳಿಸಿದರು. ಆಕೆ ಊರಿಗೆಲ್ಲ ಓಮಾ, ಅಂದರೆ ಅಜ್ಜಿ; ವಯಸ್ಸು ತೊಂಬತ್ತರ ಹತ್ತಿರ. ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿ, "ಕೆರೇನೇ ಚೆನ್ನಾಗಿತ್ತಪ್ಪ," ಅಂದರು.

"ನಂಗೂ ಹಾಗೇ ಅನ್ಸತ್ತೆ, ಓಮಾ," ಅಂದ ಹಾಬೆಲ್.

ಅಷ್ಟರಲ್ಲಿ ಎಲಿಯೇಜರ್ ಮೇಷ್ಟ್ರು ಹಾಳೆ, ಪೆನ್ಸಿಲು ಹಿಡಿದು ಒಳಗೆ ಬಂದರು. ಮುಖ ಇನ್ನೂ ಗಂಟಿಕ್ಕಿಯೇ ಇತ್ತು. ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡರು.

"ಅವತ್ತು ಸಿಟ್ಟಲ್ಲಿ ನಾನು ಕುಳೀನ ನೋಡ್ಲೇ ಇಲ್ಲ. ನಿನ್ನ ಮೂತೀನೇ ನೋಡ್ತಿದ್ದೆ. ಶಾಲೆ ಗೋಡೆಗೆ ಹೊಸ ಚಿತ್ರ ಬರೆಸ್ಬೇಕು. ಹೇಳು. ಪಡುವಣದ ಗೋಡೆಯಿಂದ ಶುರು ಮಾಡು. ಹಳದಿ ಅಂದ್ರೆ ಎಂಥ ಹಳದಿ?"

ಹಾಬೆಲ್ ನರಳುತ್ತ ದಿಂಬಿಗೆ ಒರಗಿ ಕೂತ. ಎಂಥ ಹಳದಿ ಅಂತ ಯೋಚಿಸಿದ. ಮೇಷ್ಟ್ರು ಪೆನ್ಸಿಲ್ಲಿನ ತುದಿ ನೆಕ್ಕಿಕೊಂಡು, ಅವಸರ ಮಾಡದೆ, ಕಾದು ಕೂತರು.